ಶೇವಂತಿಯ ಮೂರನೆಯ ಸಾಲು

ಬಾಯಿಪೆಟ್ಟಿಗೆ. ಅಲ್ಲ, ಹಾಗಲ್ಲ. ಬಾಯಿ… ಬಾಯಿ ಏನೋ.

ನಾನು ಹುಟ್ಟಿದ ಊರಿನಲ್ಲಿ ಮೌತ್ ಆರ್ಗನ್ನಿಗೆ ಬೇರೊಂದು ಹೆಸರಿತ್ತು. ಅರ್ಧ ನೆನಪಿದೆ, ಉಳಿದರ್ಧ ಬರುತ್ತಿಲ್ಲ. ಈಗ ನಾನಿರುವ ಕಡೆ ಕೇಳಿ ತಿಳಿಯೋಣವೆಂದರೆ ನಮ್ಮ ಊರಿನವರು ಒಬ್ಬರೂ ಇಲ್ಲ. ಬಂದಾಗ ಬರಲಿ. ಅಲ್ಲಿಯವರೆಗೆ ಮೌತ್ ಆರ್ಗನ್ ಎಂದೇ ಹೇಳುತ್ತೇನೆ.

ನಮ್ಮೂರ ನದಿ ಸಮುದ್ರ ಸೇರುವಲ್ಲಿ, ದಂಡೆಯ ಮೇಲೆ, ಜೈವಂತನ ಮನೆ. ಪ್ರಾಯದಲ್ಲಿ ಅವನು ಹಡಗಿನಲ್ಲಿ ಅಡುಗೆಯವನಾಗಿದ್ದ. ಜೊತೆಗೆ ಅಡುಗೆ ಮಾಡುತ್ತಿದ್ದ ಅಮೆರಿಕದ ಕಪ್ಪು ಮನುಷ್ಯನೊಬ್ಬ ಅವನಿಗೆ ಮೌತ್ ಆರ್ಗನ್ ಕಲಿಸಿದ. ಆ ಹಾಡುಗಳಿಗೆ ಬ್ಲೂಸ್ ಎಂದು ಹೆಸರು.

ಒಂದು ಸಾಲು ಹಾಡುವುದು. ಅದೇ ಸಾಲನ್ನು ಇನ್ನೊಮ್ಮೆ ಹಾಡುವುದು. ಮೂರನೆಯ ಸಾಲಿನಲ್ಲಿ ಮಾತು ಮುಗಿಸುವುದು. ಪ್ರತಿ ಸಾಲಿನ ಕೊನೆಗೆ ಒಂದಿಷ್ಟು ಜಾಗ ಉಳಿಯುತ್ತದೆ. ಅಲ್ಲಿ ಮೌತ್ ಆರ್ಗನ್ ಉತ್ತರ ಕೊಡುತ್ತದೆ.

ಭಾನುವಾರ ಸಂಜೆ ಮನೆಯವರೆಲ್ಲ ಅಂಗಳದಲ್ಲಿ ಕೂರುತ್ತಿದ್ದರು. ಮಗ ಉಲ್ಲಾಸನದು ಗಿಟಾರ್. ಹಿರಿಯ ಮಗನ ಮಗಳು ರೇವತಿ ಬಿಸ್ಕತ್ತಿನ ಡಬ್ಬ ಬಡಿಯುತ್ತಿದ್ದಳು. ಜೈವಂತನ ಹೆಂಡತಿ ಶೇವಂತಿ ಹಾಡುತ್ತಿದ್ದಳು. ಆ ವಾರ ಮನೆಯಲ್ಲಿ ನಡೆದದ್ದೇ ಅವಳ ಮೊದಲ ಸಾಲು. ಮೂರನೆಯದನ್ನು ಅಲ್ಲೇ ಕೂತು ಕಟ್ಟುತ್ತಿದ್ದಳು. ಎಲ್ಲರೂ ಕಾಯುತ್ತಿದ್ದದ್ದು ಅದಕ್ಕೆ.

ಉಲ್ಲಾಸನನ್ನು ಮದುವೆಯಾಗಿ ಧಾರವಾಡದ ಕಡೆಯಿಂದ ಕಸ್ತೂರಿ ಬಂದಳು. ಮೊದಲ ಭಾನುವಾರ ಬಾಗಿಲಲ್ಲಿ ನಿಂತು ಕೇಳಿದಳು. ಮುಂದಿನ ಭಾನುವಾರ ಮಾವನ ಹತ್ತಿರ ಹೋದಳು.

“ಮಾವಾರ, ಎಲ್ಲಾರ ಕೈಯಾಗೂ ಏನರೆ ಐತಿ. ನಾ ಬರೇ ಚಾ ಕೊಡಾಕಿ ಆಗಿ ಇರಬೇಕೇನ್ರಿ?”

ಜೈವಂತ ಕಿಸೆಯಿಂದ ಮೌತ್ ಆರ್ಗನ್ ತೆಗೆದು, ಅಂಗಿಗೆ ಒರೆಸಿ, ಅವಳ ಕೈಗಿಟ್ಟ.

“ಊದು.”

ಊದಿದಳು.

“ಇದು ಮದುವೆ ಮೆರವಣಿಗೆ. ಈಗ ಉಸಿರು ಒಳಗೆ ಎಳೆ.”

ಎಳೆದಳು. ಸ್ವರ ವಾಲಿಕೊಂಡು ಬಂತು, ಯಾರೋ ನಿಟ್ಟುಸಿರು ಬಿಟ್ಟ ಹಾಗೆ.

“ಇದು ಬ್ಲೂಸ್.”

“ಉಸಿರು ಒಳಗ ತುಂಬಿದ ಮ್ಯಾಲೆ ಏನ್ ಮಾಡ್ಲಿ?”

“ಅದನ್ನ ನಿನ್ನ ಅತ್ತೆ ಕಲಿಸ್ತಾಳೆ.”

“ಅತ್ತಿ ಇದನ್ನ ಬಾರಸೂದಿಲ್ಲಲ್ರಿ.”

“ಬಾರಿಸೋದಿಲ್ಲ,” ಎಂದ ಜೈವಂತ. “ಕಲಿಸ್ತಾಳೆ.”

ಕಸ್ತೂರಿ ಒಲೆಯ ಮುಂದೆ ಎಳೆದಳು, ಬಾವಿಯ ಕಟ್ಟೆಯ ಮೇಲೆ ಎಳೆದಳು. ಬೆಕ್ಕು ಮನೆ ಬಿಟ್ಟು ಹೋಯಿತು ಎಂದು ಉಲ್ಲಾಸ ಕಾಡಿಸಿದ. ಬರುಬರುತ್ತ ಅವಳ ಸ್ವರ ಹದಕ್ಕೆ ಬಂತು. ಬೆಕ್ಕೂ ಹಿಂದಿರುಗಿತು. ಒಂದು ಭಾನುವಾರ ಜೈವಂತ ತನ್ನ ಜಾಗದಲ್ಲಿ ಅವಳನ್ನು ಕೂರಿಸಿ, ತಾನು ಗೋಡೆಗೆ ಒರಗಿದ.

ಅದೇ ದಿನಗಳಲ್ಲಿ ಶೇವಂತಿಗೆ ಮರೆವು ಶುರುವಾಗಿತ್ತು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ರೇವತಿಯನ್ನು ಸತ್ತುಹೋದ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು. ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಒಂದು ಸಂಜೆ ಶೇವಂತಿ ಹಾಡಿದಳು:

“ದೋಣಿ ತಡವಾಗಿ ಬಂತು, ಬಂಗಡೆ ತುಂಬಿ ಬಂತು.”

ಮತ್ತೊಮ್ಮೆ ಅದನ್ನೇ ಹಾಡಿದಳು. ಮೂರನೆಯ ಸಾಲು ಬರಲಿಲ್ಲ. ತುಟಿ ಆಡಿತು, ಕಣ್ಣು ನದಿಯ ಕಡೆ ಹೋಯಿತು.

ಕಸ್ತೂರಿಗೆ ನೋಡಲಾಗಲಿಲ್ಲ. ಮೌತ್ ಆರ್ಗನ್ ಬಾಯಿಗಿಟ್ಟು ಆ ಜಾಗವನ್ನೆಲ್ಲ ತುಂಬಿಬಿಟ್ಟಳು. ಎಷ್ಟು ಚೆನ್ನಾಗಿ ತುಂಬಿದಳೆಂದರೆ ಉಲ್ಲಾಸ ತಲೆದೂಗಿದ. ಒಂದು ಸಾಲು ತಪ್ಪಿಹೋಯಿತು ಎಂದು ಯಾರಿಗೂ ಅನ್ನಿಸಲಿಲ್ಲ.

ಶೇವಂತಿ ಎದ್ದಳು.

“ಇನ್ನು ಮೇಲೆ ಅವಳೇ ಬಾರಿಸಲಿ. ಚೆನ್ನಾಗಿ ಬಾರಿಸ್ತಾಳೆ.”

ಚಾಪೆ ಸುತ್ತಿಕೊಂಡು ಒಳಗೆ ಹೋದಳು. ಮುಂದಿನ ಭಾನುವಾರ ಚಾಪೆ ಹೊರಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಜೈವಂತ ಬಲೆ ಹೊಲಿಯುತ್ತಿದ್ದಾಗ ಕಸ್ತೂರಿ ಬಂದು ಕೂತಳು.

“ಮಾವಾರ, ಅತ್ತಿ ಬಾಯಿ ನಾನs ಮುಚ್ಚಿಸಿದೆ. ಇನ್ನ ಅವ್ರು ಹಾಡೂದs ಇಲ್ಲೇನೋ ಅಂತ ಹೆದರಿಕಿ ಆಗೇತಿ. ಆದ್ರ ನಾ ಅವ್ರ ಮರ್ಯಾದಿ ಉಳಸಾಕ ಬಾರಿಸಿದ್ದು. ತಪ್ಪೇನ್ರಿ?”

“ನಿನ್ನ ತವರಿನ ಹಿತ್ತಲಲ್ಲಿ ಏನಿತ್ತು ಹೇಳು,” ಎಂದ ಜೈವಂತ.

“ನಮ್ಮ ಹಿತ್ತಲದಾಗ—”

“ಬಾವಿ ಇತ್ತು.”

“ಬಾವಿ ಇತ್ರಿ. ಆದ್ರ ನಾ ಹೇಳಾಕ ಹೊಂಟಿದ್ದು—”

“ಬೇವಿನ ಮರ.”

“ಅದೂ ಇತ್ರಿ. ಅದರ ಬುಡಕ—”

“ಎಮ್ಮೆ ಕಟ್ತಿದ್ರು.”

“ಹಿತ್ತಲಾ ನಿಮ್ಮದೋ ನಮ್ಮದೋ?” ಎಂದಳು ಕಸ್ತೂರಿ. “ನೀವs ಹೇಳ್ರಿ. ನಾ ಹೇಳೂದಿಲ್ಲ.”

ಮುಖ ತಿರುಗಿಸಿ ಕೂತಳು. ಕೂತವಳಿಗೆ ಅತ್ತೆ ಚಾಪೆ ಸುತ್ತಿಕೊಂಡು ಹೋದದ್ದು ಕಣ್ಣಮುಂದೆ ಬಂತು.

ಜೈವಂತ ಬಲೆ ಪಕ್ಕಕ್ಕಿಟ್ಟ.

“ಏನಿತ್ತು?”

ಈ ಸಲ ಕಾದ. ಒಂದು ಕಾಗೆ ಬಂದು ಕೂತು, ಹಾರಿಹೋಯಿತು. ಪಕ್ಕದ ಮನೆಯ ಯಾರೋ ಕೊಡ ತುಂಬಿಕೊಂಡು ಹೋದರು.

“ಒಂದು ಒಡದ ಒರಳು ಇತ್ರಿ,” ಎಂದಳು ಕಸ್ತೂರಿ. “ಮಳಿ ಬಂದ್ರ ಅದರಾಗ ನೀರು ನಿಲ್ಲತಿತ್ತು. ನಮ್ಮವ್ವ ಅದರಾಗ ತನ್ನ ಮಾರಿ ನೋಡಕೊಂಡು ನಗತಿದ್ಲು.”

ಸೆರಗಿನಿಂದ ಮೂಗು ಒರೆಸಿಕೊಂಡಳು.

“ಅಕಿ ಹೋದ ಮ್ಯಾಲೆ ಇದು ನೆನಪs ಆಗಿರಲಿಲ್ಲ.”

ಜೈವಂತ ಮತ್ತೆ ಬಲೆ ಎತ್ತಿಕೊಂಡ.

ಭಾನುವಾರ ಕಸ್ತೂರಿಯೇ ಚಾಪೆ ತಂದು ಅಂಗಳದಲ್ಲಿ ಹಾಸಿದಳು. ಅಡುಗೆಮನೆಯಲ್ಲಿ ಶೇವಂತಿ ಮೀನು ಹೆಚ್ಚುತ್ತಿದ್ದಳು.

“ಅತ್ತಿ, ಬರ್ರಿ.”

“ನನಗೆ ಬಾಯಿಗೆ ಬರೋದಿಲ್ಲ ಮಾರಾಯ್ತಿ.”

“ಬರೂತನಕ ಕೂಡೂಣು.”

“ನೀನು ಬಾರಿಸ್ತೀಯಲ್ಲ.”

“ನಿಮ್ಮ ಸಾಲು ಮುಗಿಯೂತನಕ ಬಾರಸೂದಿಲ್ಲ.”

“ಕತ್ತಲಾದರೆ?”

“ಆಗ್ಲಿ ಬಿಡ್ರಿ. ಈ ಮೀನು ಬೆಕ್ಕು ತಿನ್ಲಿ.”

ಶೇವಂತಿಗೆ ನಗು ಬಂತು. ಕೈ ತೊಳೆದುಕೊಂಡು ಬಂದು ಕೂತಳು. ಸೊಸೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹಾಡಿದಳು:

“ಘಟ್ಟ ಇಳಿದು ಬಂದಳೊಬ್ಬಳು, ಚಾಪೆ ಹಾಸಿ ಕರೆದಳು.”

ಕಸ್ತೂರಿ ಚಿಕ್ಕದಾಗಿ ಉತ್ತರ ಕೊಟ್ಟಳು.

“ಘಟ್ಟ ಇಳಿದು ಬಂದಳೊಬ್ಬಳು, ಚಾಪೆ ಹಾಸಿ ಕರೆದಳು.”

ಆಮೇಲೆ ಏನೂ ಇಲ್ಲ.

ಉಲ್ಲಾಸ ಹೆಂಡತಿಯ ಕಡೆ ನೋಡಿದ. ಕಸ್ತೂರಿ ಎಳೆದ ಉಸಿರನ್ನು ಎದೆಯಲ್ಲೇ ಹಿಡಿದಳು. ಹಿಡಿಯಲಾಗದಾಗ ಮೆಲ್ಲಗೆ ಬಿಟ್ಟಳು. ಮೌತ್ ಆರ್ಗನ್ನನ್ನು ಮಡಿಲಿಗೆ ಇಳಿಸಿದಳು. ಗಿಟಾರ್ ನಡೆಯುತ್ತಿತ್ತು, ಡಬ್ಬ ನಡೆಯುತ್ತಿತ್ತು. ಹಾಡು ಒಂದು ಸುತ್ತು ಮುಗಿಸಿ ಮತ್ತೆ ಮೊದಲಿಗೆ ಬಂತು.

ಶೇವಂತಿ ಮತ್ತೆ ಅದೇ ಸಾಲು ಹಾಡಿದಳು. ಮತ್ತೆ ನಿಂತಳು. ಕಣ್ಣು ನದಿಗೆ ಹೋಯಿತು. ಅಲ್ಲಿಂದ ಸೊಸೆಯ ಮುಖಕ್ಕೆ ಬಂತು. ಆ ಮುಖದಲ್ಲಿ ಅವಸರವಿರಲಿಲ್ಲ.

“ಹೆಸರು ಬಾಯಿಗೆ ಬಾರದಿದ್ದರೂ ನನ್ನ ಮಗಳು ಇವಳು.”

ರೇವತಿಯ ಕೈ ಡಬ್ಬದ ಮೇಲೆ ನಿಂತಿತು. ಈಗ ಕಸ್ತೂರಿ ಮೌತ್ ಆರ್ಗನ್ ಎತ್ತಿದಳು. ಒಂದೇ ಒಂದು ಸ್ವರ, ಕೆಳಗಿನದು, ಒಳಗೆ ಎಳೆದು ಬಾಗಿಸಿ ಬಿಟ್ಟಳು.

ಉಲ್ಲಾಸ ಗಿಟಾರ್ ಕೆಳಗಿಟ್ಟ.

“ಪುಟ್ಟೀ,” ಎಂದಳು ಶೇವಂತಿ ಮೊಮ್ಮಗಳಿಗೆ, “ಇದನ್ನ ಬರೆದಿಟ್ಟುಕೋ. ನಾಳೆ ನನಗೆ ನೆನಪಿರೋದಿಲ್ಲ.”

ರೇವತಿ ಓಡಿಹೋಗಿ ಕಾಗದ, ಪೆನ್ಸಿಲ್ ತಂದಳು. ಮಂಡಿಯ ಮೇಲೆ ಡಬ್ಬ, ಡಬ್ಬದ ಮೇಲೆ ಕಾಗದ ಇಟ್ಟುಕೊಂಡು ಕೂತಳು.

“ಎರಡು ಸಾಲು ಬರೆದುಕೋ ಮಗಾ,” ಎಂದ ಜೈವಂತ. “ಮೂರನೇದನ್ನ ಅಜ್ಜಿ ಪ್ರತಿ ಸಲ ಹೊಸದಾಗಿ ಕಟ್ತಾಳೆ, ಅದಕ್ಕೆ ಜಾಗ ಬಿಡು.”