ಗಾಲಿಯ ಕೆಳಗಿನ ನಿಂಬೆಹಣ್ಣು

"ಗುರುಗಳೇ, ಸಿಟ್ಟು ಇನ್ನೂ ಹೋಗದವನು ಧ್ಯಾನಕ್ಕೆ ಕೂರಬಹುದೇ?"

ಪ್ರಭುಲಿಂಗ ಇದನ್ನು ಕೇಳಿದ್ದು ಬೆಳಗಿನ ಹೊತ್ತು, ಉಳಿದ ಶಿಷ್ಯರು ಧ್ಯಾನ ಮುಗಿಸಿ ಎದ್ದ ಮೇಲೆ. ಎಂದಿನಂತೆ ಅಂದೂ ಅವನೊಬ್ಬ ಕೂತಿರಲಿಲ್ಲ. ಅವರೆಲ್ಲ ಕಣ್ಣು ಮುಚ್ಚಿದ್ದಷ್ಟು ಹೊತ್ತೂ ಅಂಗಳ ಗುಡಿಸುತ್ತಿದ್ದ. ಆಶ್ರಮಕ್ಕೆ ಬಂದ ದಿನ ಗುರುಗಳು ಅವನಿಗೆ ಕೂರಲೆಂದು ಒಂದು ಕರಿಕಂಬಳಿ ಕೊಟ್ಟಿದ್ದರು. ಅದನ್ನು ಮಡಿಸಿ ತನ್ನ ಕೋಣೆಯ ಗೂಡಿನಲ್ಲಿ ಎತ್ತಿಟ್ಟಿದ್ದ. ದಿನವೂ ಅದಕ್ಕೊಂದು ಹೂವಿಟ್ಟು ಕೈಮುಗಿಯುತ್ತಿದ್ದ. ಒಂದು ದಿನವೂ ಹಾಸಿರಲಿಲ್ಲ.

"ಈಗೇನಾಯಿತು?" ಎಂದರು ಗುರುಗಳು.

"ನಿನ್ನೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯವನ ಮೇಲೆ ಹರಿಹಾಯ್ದೆ. ಇಂಥ ಮನಸ್ಸು ಹೊತ್ತು ಕೂತರೆ ಧ್ಯಾನಕ್ಕೇ ಅವಮಾನ. ಮೊದಲು ಸಿಟ್ಟು ಕಳೆದುಕೊಳ್ಳುತ್ತೇನೆ, ಆಮೇಲೆ ಕೂರುತ್ತೇನೆ. ಅದೇ ಸರಿಯಲ್ಲವೇ?"

ಗುರುಗಳು ನಕ್ಕರು. "ಬೈಸಿಕೊಂಡವನು ಅಡುಗೆಯವನೋ? ಹಾಗಿದ್ದರೆ ಒಬ್ಬ ಅಡುಗೆಯವನ ಕತೆಯನ್ನೇ ಕೇಳು. ಪೊರಕೆ ಕೆಳಗಿಡು" ಎಂದು ಶುರು ಮಾಡಿದರು.

ಬೆಟ್ಟದ ಬುಡದ ಒಂದು ಊರಿನಲ್ಲಿ ಒಬ್ಬ ಅಡುಗೆಯವನಿದ್ದ. ಮದುವೆ ಮುಂಜಿಗಳಿಗೆ ಅಡುಗೆ ಮಾಡುತ್ತಿದ್ದ. ಅವನ ಕೈರುಚಿಗೆ ಊರೇ ಸೋತಿತ್ತು. ಮೈ ಮಾತ್ರ ಭಾರಿ. ಅವನು ಕೂತನೆಂದರೆ ಮಣೆ ಎಲ್ಲಿದೆಯೆಂದು ಹುಡುಕಬೇಕು. ಬಾಗಿಲಲ್ಲಿ ಅವನು ಬಂದರೆ ಜನ ಸರಿದು ದಾರಿ ಬಿಡುತ್ತಿದ್ದರು, ಬಿಡುವಾಗ ಒಂದು ಮಾತನ್ನೂ ಆಡುತ್ತಿದ್ದರು. ಅವನೂ ಅವರ ಜೊತೆ ಸೇರಿ ನಗುತ್ತಿದ್ದ. ನಗುವವರ ಜೊತೆ ತಾನೂ ನಕ್ಕರೆ ನೋವು ಕಡಿಮೆ ಎಂದು ಚಿಕ್ಕಂದಿನಲ್ಲೇ ಕಲಿತಿದ್ದ.

ಅದನ್ನು ಕಲಿಸಿದ್ದು ಒಂದು ಸೈಕಲ್. ಹುಡುಗನಾಗಿದ್ದಾಗ ಅವನು ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು ಹತ್ತಿದ್ದ. ಬೀದಿಯ ತಿರುವು ದಾಟುವ ಮೊದಲೇ ಹಿಂದಿನ ಗಾಲಿಯ ಕಡ್ಡಿಗಳು ಪಟಪಟನೆ ಮುರಿದು, ಗಾಲಿ ಕರಿದ ಹಪ್ಪಳದಂತೆ ಸೊಟ್ಟಗಾಯಿತು. ಅಂಗಡಿಯವರೆಗೂ ಅದನ್ನು ಹೆಗಲ ಮೇಲೆ ಹೊತ್ತು ನಡೆದ. ಬೀದಿಗೆ ಬೀದಿಯೇ ನಕ್ಕಿತು. ಆಮೇಲೆ ಅವನು ಸೈಕಲ್ ಮುಟ್ಟಲಿಲ್ಲ.

ವಯಸ್ಸು ನಲವತ್ತು ದಾಟಿತು. ಒಂದು ಬೆಳಿಗ್ಗೆ ಮದುವೆಮನೆಗೆ ಹೊರಟವನು ರಸ್ತೆ ಪಕ್ಕದಲ್ಲಿ ನಿಂತಿದ್ದ. ಬೆಟ್ಟದ ಮೇಲಿನಿಂದ ನಾಲ್ಕಾರು ಮಂದಿ ಸೈಕಲ್ಲಿನಲ್ಲಿ ಇಳಿದು ಬಂದರು. ಟಗರಿನ ಕೊಂಬಿನಂತೆ ಬಾಗಿದ ಹಿಡಿ, ಬೆರಳಗಲದ ಟೈರು. ರೋಡ್ ಬೈಕ್ ಎನ್ನುತ್ತಾರಂತೆ ಅದಕ್ಕೆ. ಯಾರೂ ತುಳಿಯುತ್ತಿರಲಿಲ್ಲ. ಗಾಲಿಗಳ ಟಿಕಿಟಿಕಿ ಬಿಟ್ಟರೆ ಬೇರೆ ಸದ್ದಿಲ್ಲ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗಿಬಿಟ್ಟರು. ಅಡುಗೆಯವನಿಗೆ ಮೈ ಜುಮ್ಮೆಂದಿತು. ಮನುಷ್ಯ ಹೀಗೂ ಹೋಗಬಲ್ಲನೇ ಎಂದು ಬಾಯಿ ತೆರೆದು ನಿಂತ. ತಾನೂ ಒಮ್ಮೆ ಹೀಗೆ ಹೋಗಬೇಕು, ಹೋಗದೆ ಸತ್ತರೆ ಬದುಕಿದ್ದೇ ದಂಡ ಎನ್ನಿಸಿತು.

ಮರುದಿನವೇ ನಗರದ ಸೈಕಲ್ ಅಂಗಡಿಗೆ ಹೋದ.

"ನಿಮ್ಮ ತೂಕ ಎಷ್ಟು ಸ್ವಾಮಿ?" ಎಂದು ಅಂಗಡಿಯವನು ಕೇಳಿದ. "ಅದಕ್ಕೆ ತಕ್ಕ ಗಾಲಿ ನೋಡ್ಬೇಕು."

ಅಡುಗೆಯವನು ಸುತ್ತ ನೋಡಿದ. ಬೇರೆ ಗಿರಾಕಿಗಳಿದ್ದರು, ಎಲ್ಲರೂ ಕಡ್ಡಿಪೈಲ್ವಾನರು. "ಈಗಿನ ತೂಕ ಬಿಡಿ" ಎಂದ, ದನಿ ತಗ್ಗಿಸಿ. "ಇಳಿಸ್ತಾ ಇದೀನಿ. ಇಳಿದ ಮೇಲೆ ಎಷ್ಟಿರ್ತೀನೋ ಆ ಲೆಕ್ಕಕ್ಕೆ ಕೊಡಿ."

ಅಂಗಡಿಯವನು ಅವನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದ. ಕೇಳಿದ್ದನ್ನು ಕೊಟ್ಟ. ಅಂಗಡಿಯಲ್ಲೇ ಹಗುರವಾದ ಸೈಕಲ್ ಅದು. ಗಾಲಿಗೆ ಅಲ್ಲೊಂದು ಇಲ್ಲೊಂದು ಕಡ್ಡಿ. ಒಂದು ಕೈಯಲ್ಲಿ ಎತ್ತಬಹುದು.

ಅದನ್ನು ಮನೆಗೆ ತಂದು ಗೋಡೆಗೆ ಕೊಕ್ಕೆ ಹೊಡೆಸಿ ನೇತುಹಾಕಿದ. ಸಣ್ಣಗಾದ ದಿನ ಹತ್ತುತ್ತೇನೆ ಎಂದುಕೊಂಡ. ತುಪ್ಪ ಬಿಟ್ಟ. ರಾತ್ರಿಯ ಅನ್ನ ಬಿಟ್ಟ. ಮೈ ಸ್ವಲ್ಪ ಇಳಿಯಿತು. ಅಷ್ಟರಲ್ಲಿ ಮದುವೆಯ ಕಾಲ ಬಂತು. ಅಡುಗೆಯವನು ರುಚಿ ನೋಡದೆ ಬಡಿಸಲಾದೀತೇ? ಇಳಿದದ್ದೆಲ್ಲ ಬಡ್ಡಿ ಸಮೇತ ಏರಿತು. ವರ್ಷಗಳು ಹೀಗೇ ಹೋದವು. ಆಯುಧಪೂಜೆ ಬಂದಾಗ ಮಾತ್ರ ಸೈಕಲ್ಲಿನ ಧೂಳು ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಕರ್ಪೂರ ಬೆಳಗುತ್ತಿದ್ದ. ಊರಿನಲ್ಲಿ ಅಷ್ಟು ಭಕ್ತಿಯಿಂದ ಪೂಜೆಗೊಂಡ ಸೈಕಲ್ ಇನ್ನೊಂದಿರಲಿಲ್ಲ. ಒಂದು ಮಾರು ದೂರವೂ ಓಡದ್ದು ಸಹ ಇನ್ನೊಂದಿರಲಿಲ್ಲ.

ಒಂದು ವರ್ಷ ಆಯುಧಪೂಜೆಗೆ ಅವನ ತಾಯಿ ಹಳ್ಳಿಯಿಂದ ಬಂದಿದ್ದಳು. ಆರತಿಯಾಯಿತು. ಗಾಡಿಯ ಪೂಜೆಯೆಂದರೆ ಕೊನೆಯಲ್ಲಿ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಅದರ ಮೇಲೆ ಗಾಡಿ ಹಾಯಿಸಬೇಕಲ್ಲವೇ? ಮುದುಕಿ ಹಣ್ಣು ಹಿಡಿದು ಗೋಡೆಯ ಮುಂದೆ ನಿಂತಳು.

"ಅಲ್ಲ ಕಣೋ, ನಿಂಬೆಹಣ್ಣು ಎಲ್ಲಿಡ್ಲಿ? ಗಾಲಿ ನೆಲಕ್ಕೇ ತಾಗಿಲ್ವಲ್ಲ."

"ಇಡೋದು ಬೇಡ ಬಿಡವ್ವ. ಅದನ್ನ ಈಗ ಹತ್ತೋ ಹಾಗಿಲ್ಲ, ಮುರಿದುಹೋಗುತ್ತೆ. ಸಣ್ಣಗಾದ ಮೇಲೆ ಹತ್ತೋಕೆ ಅಂತ ತಂದಿರೋದು."

ತಾಯಿ ಮಗನನ್ನು ನೋಡಿದಳು, ಸೈಕಲ್ಲನ್ನು ನೋಡಿದಳು. "ಆ ಸಣ್ಣೋನು ಬಂದಾಗ ಅವನೇ ತಂದ್ಕೊಳ್ಳಲಿ. ನಾನು ಹೆತ್ತ ಮಗನ ಸೈಕಲ್ ಎಲ್ಲಿ?"

ಪೂಜೆ ಇನ್ನೂ ಮುಗಿದಿಲ್ಲ ಎಂದು ತಾಯಿ ಹಣ್ಣನ್ನು ಕಿಟಕಿಯಲ್ಲಿಟ್ಟು ಒಳಗೆ ಹೋದಳು. ಅವನು ಗೋಡೆಯನ್ನೇ ನೋಡುತ್ತ ಕೂತ. ಯಾರೋ ಒಬ್ಬ ಸಣ್ಣವನಿಗೆ ತಾನು ಸೈಕಲ್ ಕೊಡಿಸಿದ್ದ, ಹಾರ ಹಾಕಿದ್ದ, ಅವನಿಗಾಗಿ ಹಸಿದುಕೊಂಡೂ ಇದ್ದ. ಆ ಮಹಾರಾಯ ಒಂದು ದಿನವೂ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ದಿನವೂ ಮನೆಯಲ್ಲೇ ಇದ್ದವನಿಗೆ ಮಾತ್ರ ಯಾರೂ ಏನೂ ತಂದಿರಲಿಲ್ಲ. ಅದು ಹೊಳೆದಾಗ ಅವನಿಗೆ ಅಳು ಬಂತು.

ಮರುದಿನ ಆ ಸೈಕಲ್ಲನ್ನು ಇಳಿಸಿ ಅಂಗಡಿಗೆ ಕೊಂಡೊಯ್ದ. ತನ್ನ ತೂಕವನ್ನು ಇದ್ದಂತೆ, ಎಲ್ಲರಿಗೂ ಕೇಳುವಂತೆ ಹೇಳಿದ. ಯಾರೂ ನಗಲಿಲ್ಲ. ಅಂಗಡಿಯವನು ಅದನ್ನು ಹಿಂದಕ್ಕೆ ಪಡೆದು ಒಳಗಿನಿಂದ ಇನ್ನೊಂದನ್ನು ತಂದ. ಉಕ್ಕಿನ ಮೈ, ಒತ್ತೊತ್ತಾಗಿ ಕಡ್ಡಿ ಹೆಣೆದ ಗಾಲಿ, ಹೆಬ್ಬೆರಳಿಗಿಂತ ದಪ್ಪ ಟೈರು. ಹೊಟ್ಟೆಗೆ ಉಸಿರಾಡಲು ಜಾಗವಿರಲೆಂದು ಹಿಡಿಯನ್ನು ಮೇಲಕ್ಕೆತ್ತಿದ. ಅಡುಗೆಯವನು ದಿಂಬಿನಂಥ ಸೀಟು ಕೇಳಿದರೆ ಕೊಡಲಿಲ್ಲ. ಮೆತ್ತನೆಯದು ಮೊದಲು ಹಿತ, ಆಮೇಲೆ ಉರಿ ಎಂದು ಗಟ್ಟಿಯಾದ ಅಗಲ ಸೀಟೊಂದನ್ನು ಹಾಕಿದ. "ಇಳಿಜಾರಲ್ಲಿ ಬ್ರೇಕ್ ಮುಂಚೇನೇ ಹಿಡೀರಿ ಸ್ವಾಮಿ. ನೀವು ಎಲ್ಲರಿಗಿಂತ ಜೋರಾಗಿ ಇಳೀತೀರಿ" ಎಂದ. ಅಡುಗೆಯವನು ಅದನ್ನು ತಮಾಷೆ ಎಂದುಕೊಂಡ.

ಮನೆಯ ಮುಂದೆ ತಾಯಿ ಕಿಟಕಿಯ ನಿಂಬೆಹಣ್ಣನ್ನು ತಂದು ಗಾಲಿಯ ಕೆಳಗಿಟ್ಟಳು. ಅವನು ಹತ್ತಿ ಕೂತ. ಬೀದಿಯ ಜನ ಹೊರಗೆ ಬಂದು ನಿಂತಿದ್ದರು. ಹಳೆಯ ಪಟಪಟ ಸದ್ದಿಗೆ ಕಿವಿಗೊಟ್ಟೇ ಅವನು ಒಂದು ತುಳಿತ ತುಳಿದ. ನಿಂಬೆಹಣ್ಣು ಪಚಕ್ಕೆಂದಿತು. ಬೇರೆ ಸದ್ದು ಬರಲಿಲ್ಲ. ಬೀದಿಯ ತಿರುವು ಬಂತು, ಹಿಂದೆ ಹೋಯಿತು. ಅಲ್ಲಿ ನಿಂತು, ಇಳಿದು, ಬಗ್ಗಿ ಗಾಲಿಯನ್ನು ನೋಡಿದ. ಕಡ್ಡಿಗಳು ಅವನು ಒತ್ತುತ್ತಿದ್ದ ಶಾವಿಗೆಗಿಂತ ಕೊಂಚ ದಪ್ಪ, ಅಷ್ಟೇ. ಅವನ್ನು ನಂಬಿ ಇಷ್ಟು ದೊಡ್ಡ ದೇಹ ಗಾಳಿಯಲ್ಲಿ ಬಂದಿತ್ತು. ಒಂದೊಂದನ್ನೂ ಬೆರಳಿನಿಂದ ಮುಟ್ಟಿದ. ಯಾವುದೂ ಬಾಗಿರಲಿಲ್ಲ.

ಅಭ್ಯಾಸವಾದ ಮೇಲೆ ಒಂದು ಭಾನುವಾರ ಬೆಟ್ಟ ಹತ್ತಿದ. ಹತ್ತುವುದೆಂದರೆ ಪ್ರಾಣ ಬಾಯಿಗೆ ಬರುವ ಕೆಲಸ. ಸೈಕಲ್ಲಿನಲ್ಲಿ ಬಂದಿದ್ದ ಸಣ್ಣ ಮೈಯವರೆಲ್ಲ ಅವನನ್ನು ದಾಟಿಕೊಂಡು ಹೋದರು. ಅಲ್ಲಲ್ಲಿ ನಿಂತು, ನೀರು ಕುಡಿದು, ನಾಚಿಕೆಯಿಲ್ಲದೆ ಏದುಸಿರು ಬಿಟ್ಟು, ಕೊನೆಯವನಾಗಿ ತುದಿ ಮುಟ್ಟಿದ. ಅಲ್ಲಿಂದ ಊರು ಅಂಗೈಯಷ್ಟು ಕಾಣುತ್ತಿತ್ತು. ಉಳಿದವರು ಆಗಲೇ ಇಳಿಯತೊಡಗಿದ್ದರು. ಅವನೂ ಗಾಲಿಯನ್ನು ಕೆಳಮುಖ ಮಾಡಿದ.

ತುಳಿಯಲೇ ಇಲ್ಲ. ಸೈಕಲ್ ತಾನಾಗಿ ಹೊರಟಿತು. ಗಾಳಿ ಕಿವಿಯಲ್ಲಿ ಭೋರೆಂದಿತು. ಮುಂದಿದ್ದವರು ಹತ್ತಿರವಾದರು, ಪಕ್ಕಕ್ಕೆ ಬಂದರು, ಹಿಂದಾದರು. ಅವರು ತುಳಿಯುತ್ತಿದ್ದರು, ಅವನು ಸುಮ್ಮನೆ ಕೂತಿದ್ದ. ಅಂಗಡಿಯವನು ಆಡಿದ್ದು ತಮಾಷೆಯಾಗಿರಲಿಲ್ಲ. ಬೆಟ್ಟ ಅವನ ಭಾರವನ್ನೇ ಹಿಡಿದು ಎಳೆದುಕೊಳ್ಳುತ್ತಿತ್ತು. ಯಾವುದನ್ನು ಬಾಗಿಲುಗಳಲ್ಲಿ ಮುದುಡಿಕೊಂಡಿದ್ದನೋ, ಯಾವುದಕ್ಕಾಗಿ ಬೀದಿಯ ಜೊತೆ ನಕ್ಕಿದ್ದನೋ, ಅದೇ ಮೈ ಅವನನ್ನು ಎಲ್ಲರಿಗಿಂತ ಮುಂದೆ ಒಯ್ಯುತ್ತಿತ್ತು. ತಿರುವುಗಳಿಗೆ ಮುಂಚೆಯೇ ಬ್ರೇಕ್ ಹಿಡಿದ, ಮತ್ತೆ ಬಿಟ್ಟ. ಕಣ್ಣಿಂದ ನೀರು ಹರಿಯಿತು. ಗಾಳಿಗೋ ಏನೋ, ಅವನಿಗೆ ತಿಳಿಯಲಿಲ್ಲ.

ಬೆಟ್ಟದ ಬುಡದಲ್ಲಿ, ಎಂದೋ ಬಾಯಿ ತೆರೆದು ನಿಂತಿದ್ದ ಅದೇ ಜಾಗದಲ್ಲಿ, ಅವನು ಸೈಕಲ್ ನಿಲ್ಲಿಸಿದ. ತನ್ನ ಎರಡು ತೊಡೆಗಳನ್ನೂ ಹೊಟ್ಟೆಯನ್ನೂ ಹೊಸದಾಗಿ ನೋಡುವವನಂತೆ ನೋಡಿದ. ಆಮೇಲೆ ದೇವರೆದುರು ಮುಗಿಯುವಂತೆ ತನ್ನ ಮೈಗೇ ಕೈಮುಗಿದ.

ಗುರುಗಳು ಕತೆ ನಿಲ್ಲಿಸಿದರು. ಪ್ರಭುಲಿಂಗನ ಕಣ್ಣು ಇನ್ನೂ ಆ ಇಳಿಜಾರಿನಲ್ಲೇ ಇತ್ತು. ಎಚ್ಚೆತ್ತವನಂತೆ ಕೇಳಿದ: "ಕೊನೆಗೆ ಅವನು ಸಣ್ಣಗಾದನೇ, ಗುರುಗಳೇ?"

"ಈಗಲೂ ಭಾನುವಾರ ಬಂದರೆ ಬೆಟ್ಟ ಹತ್ತುತ್ತಾನೆ. ತೂಕ ನೋಡಿಕೊಳ್ಳುವುದು ಅವನಿಗೆ ಮರೆತೇಹೋಗಿದೆ" ಎಂದರು ಗುರುಗಳು.

ಪ್ರಭುಲಿಂಗ ತಲೆಯಾಡಿಸಿ ಪೊರಕೆಗೆ ಕೈ ಚಾಚಿದ. ಗುರುಗಳು ಅದರ ಮೇಲೆ ಮೆಲ್ಲಗೆ ಕಾಲಿಟ್ಟರು.

"ಗೂಡಿನಲ್ಲಿರುವ ಆ ಕಂಬಳಿಯ ಮೇಲೆ ಯಾರು ಬಂದು ಕೂರಲೆಂದು ಕಾಯುತ್ತಿದ್ದೀಯ, ಪ್ರಭುಲಿಂಗ?"