ಬಂಡಿ ಹತ್ತದ ಮುಳ್ಳುಹಂದಿ

ದಟ್ಟವಾದ ಒಂದು ಕಾಡಿನಲ್ಲಿ ಕರಡಿಯೊಂದು ಜೇನಿನ ಕಾರ್ಖಾನೆ ನಡೆಸುತ್ತಿತ್ತು. ಮೊಲ, ಅಳಿಲು, ಮುಳ್ಳುಹಂದಿ ಎಲ್ಲವೂ ಅಲ್ಲಿ ಕೆಲಸಕ್ಕಿದ್ದವು. ದಿನವೂ ಅವು ನರಿಯ ಬಂಡಿಗಳಲ್ಲಿ ಬರುತ್ತಿದ್ದವು. ಕೂಲಿಯಾಗಿ ಸಿಕ್ಕ ಜೇನಿನಲ್ಲಿ ಅರ್ಧ ನರಿಯ ಬಾಡಿಗೆಗೇ ಹೋಗುತ್ತಿತ್ತು.

ಬಂಡಿಗಳ ಗಾಲಿಗೆ ಸಿಕ್ಕಿ ದಾರಿಯ ಹೂಗಿಡಗಳೆಲ್ಲ ನೆಲಕಚ್ಚಿದವು. ಜೇನುನೊಣಗಳು ಬೇರೆ ಕಾಡಿಗೆ ಹಾರತೊಡಗಿದವು. ಕರಡಿಗೆ ದಿಗಿಲಾಯಿತು. ಅದು ಎಲ್ಲರನ್ನೂ ಕರೆದು ಹೇಳಿತು: “ಹೂವಿಲ್ಲದೆ ಜೇನೆಲ್ಲಿ? ನಾಳೆಯಿಂದ ಕಾಲುದಾರಿಯಲ್ಲಿ ನಡೆದು ಬಂದವರಿಗೆ ಕೂಲಿಯ ಮೇಲೆ ಒಂದು ಕುಡಿಕೆ ಜೇನು ಹೆಚ್ಚಿಗೆ ಕೊಡುತ್ತೇನೆ.”

ಮರುದಿನ ಎಲ್ಲರೂ ನಡೆದೇ ಬಂದರು. ಬಂಡಿಗಳು ಖಾಲಿ ನಿಂತವು. ನರಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. “ಕಾಲುದಾರಿಗೆ ಚಿರತೆ ಬಂದಿದೆ. ಜೇನಿನ ಆಸೆಗೆ ಜೀವ ಕಳೆದುಕೊಳ್ಳಬೇಡಿ!” ಎಂದು ಅದು ಮನೆಮನೆಗೂ ಹೋಗಿ ಸಾರಿತು.

ಬೆಳಗಾಗುತ್ತಲೇ ಎಲ್ಲರೂ ಮತ್ತೆ ಬಂಡಿ ಹತ್ತಿದರು. ಮುಳ್ಳುಹಂದಿ ಮಾತ್ರ ಹತ್ತಲಿಲ್ಲ.

“ಬಾ ಮುಳ್ಳಕ್ಕ, ಹಟ ಬೇಡ” ಎಂದು ಮೊಲ ಕರೆಯಿತು.

“ಚಿರತೆಯನ್ನು ಕಂಡವರು ಯಾರು?” ಮುಳ್ಳುಹಂದಿ ಕೇಳಿತು.

“ಕಂಡವರು ಉಳಿದಾರೆಯೇ?” ಎಂದು ನರಿ ನಕ್ಕಿತು.

“ಹಾಗಾದರೆ ನಿನಗೆ ಹೇಳಿದವರು ಯಾರು ನರಿಯಣ್ಣ?”

ನರಿ ಬಂಡಿಗಳನ್ನು ತನ್ನ ಆಳುಗಳಿಗೆ ಒಪ್ಪಿಸಿ ಎಲ್ಲೋ ಸರಿದುಹೋಯಿತು.

“ನನ್ನ ಕಾಲು, ನನ್ನ ದಾರಿ. ಸುಳ್ಳುಸುದ್ದಿಗೆ ಹೆದರಿ ಬಂಡಿ ಹತ್ತುವವಳಲ್ಲ ನಾನು!” ಎಂದು ಮುಳ್ಳುಹಂದಿ ಒಂಟಿಯಾಗಿ ಹೊರಟಿತು.

ಸ್ವಲ್ಪ ದೂರ ನಡೆದಿರಬೇಕು. ಪೊದೆಯೊಳಗಿಂದ “ಗುರ್ರ್... ಗುರ್ರ್...” ಎಂಬ ಸದ್ದು ಬಂತು. ಮುಳ್ಳುಹಂದಿಗೆ ಓಡಿಬಿಡಲೇ ಎನ್ನಿಸಿತು. ಇಂದು ಓಡಿದರೆ ನಾಳೆಯೂ ಓಡಬೇಕು, ನಾಡಿದ್ದೂ ಓಡಬೇಕು! ಅದು ಮೈಮೇಲಿನ ಮುಳ್ಳುಗಳನ್ನು ನಿಗುರಿಸಿತು. ಬೆನ್ನು ತಿರುಗಿಸಿ, ಹಿಮ್ಮುಖವಾಗಿ ರಭಸದಿಂದ ಪೊದೆಗೆ ನುಗ್ಗಿತು.

“ಅಯ್ಯಯ್ಯೋ, ಸತ್ತೆ!”

ಹೊರಗೆ ಹಾರಿದ್ದು ಚಿರತೆಯಲ್ಲ, ನರಿ! ಅದರ ಕುಂಡೆಯ ತುಂಬ ಮುಳ್ಳುಗಳು. ಕೂಗು ಕೇಳಿ ಪಕ್ಕದ ದಾರಿಯಲ್ಲಿ ಬಂಡಿಗಳು ನಿಂತವು.

“ಓಹೋ, ಚಿರತೆಯಣ್ಣ ಇವನೇ!” ಎಂದು ಅಳಿಲು ಕೈತಟ್ಟಿ ನಕ್ಕಿತು. ಎಲ್ಲರೂ ದಬದಬನೆ ಬಂಡಿಯಿಂದ ಧುಮುಕಿ ಮುಳ್ಳುಹಂದಿಯ ಜೊತೆ ನಡೆದರು.

ನರಿ ನರಳುತ್ತಾ ಬಂಡಿ ಹತ್ತಲು ಹೋಯಿತು. ಕೂರಲು ಆಗಬೇಕಲ್ಲ? ಪಾಪ, ತನ್ನದೇ ಖಾಲಿ ಬಂಡಿಯ ಹಿಂದೆ ಕುಂಟುತ್ತಾ, ಮನೆಯವರೆಗೂ ನಡೆದೇ ಹೋಯಿತು.

ನೀತಿ: ಸ್ವಾರ್ಥಕ್ಕಾಗಿ ಹೆದರಿಸುವವರಿಗೆ ಹೆದರಬಾರದು, ಒಬ್ಬರು ಗಟ್ಟಿಯಾಗಿ ನಿಂತರೆ ಅವರ ಬಣ್ಣ ಬಯಲಾಗುತ್ತದೆ.