ಸೇತುವೆ ಪಕ್ಷ

"ಗುರುಗಳೇ, ಚುನಾವಣೆಯಲ್ಲಿ ಸೋತ ಮೇಲೆ ನಮ್ಮ ಪಕ್ಷದವರೆಲ್ಲ ಹೆಸರು ಬದಲಿಸೋಣ ಎನ್ನುತ್ತಿದ್ದಾರೆ. ಯಾವ ಹೆಸರಿಟ್ಟರೆ ಜನ ಮೆಚ್ಚುತ್ತಾರೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹೊಳೆಯಾಚೆಯ ಹಳ್ಳಿಯೊಂದರಲ್ಲಿ ಒಬ್ಬ ರೈತನಿದ್ದ. ಪೇಟೆಗೆ ಹೋಗಲು ಅಲ್ಲಿಯವರಿಗೆ ದೋಣಿಯೇ ಗತಿ. ಒಂದು ಮಳೆಗಾಲ, ಹೆರಿಗೆಗೆಂದು ತವರಿಗೆ ಬಂದಿದ್ದ ನೆರೆಮನೆಯ ಮಗಳನ್ನು ಆಸ್ಪತ್ರೆಗೆ ಒಯ್ಯುವಾಗ ದೋಣಿ ಮಗುಚಿ ಅವಳು ತೀರಿಕೊಂಡಳು. ಮಣ್ಣು ಮಾಡಿ ಬಂದವರು ರೈತನ ಜಗಲಿಯಲ್ಲಿ ಕುಳಿತು ಒಂದು ಪಕ್ಷ ಕಟ್ಟಿದರು. ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೇಕಾದದ್ದು ಸೇತುವೆ, ಪಕ್ಷವೂ ಸೇತುವೆ ಪಕ್ಷವಾಯಿತು.

ರೈತ ಗೆದ್ದು ರಾಜಧಾನಿಗೆ ಹೋದ. ಒಬ್ಬಂಟಿಯ ಮಾತಿಗೆ ಅಲ್ಲಿ ಕಿವಿಗೊಡುವವರಿರಲಿಲ್ಲ. ಬರಿಗೈಯಲ್ಲಿ ಊರಿಗೆ ಮರಳಿದಾಗಲೆಲ್ಲ ಜನ "ಸೇತುವೆ ಬಂದ" ಎನ್ನುತ್ತಿದ್ದರು. ಅವರದು ಅಕ್ಕರೆಯೇ. ಅವನಿಗೆ ಮಾತ್ರ ಅದು ಚುಚ್ಚುತ್ತಿತ್ತು.

ಮತ್ತೆ ಚುನಾವಣೆ ಬಂದಾಗ ಅವನು ಪಕ್ಷಕ್ಕೆ ಸರ್ವೋನ್ನತಿ ಪಕ್ಷವೆಂದು ಹೆಸರಿಟ್ಟ. ಅದು ಕೇಳಲು ಚೆನ್ನಾಗಿತ್ತು. ಕೊಟ್ಟ ಮಾತು ಅದರಲ್ಲಿ ಕಾಣುತ್ತಿರಲಿಲ್ಲ. ಮತ ಕೇಳಲು ಮೊದಲು ನೆರೆಮನೆಗೆ ಹೋದ. ಮಗಳನ್ನು ಕಳೆದುಕೊಂಡ ಆ ತಾಯಿ ಚಾಪೆ ಹಾಸಿ, ಮಜ್ಜಿಗೆ ಕೊಟ್ಟಳು. ಹೊಸ ಹೆಸರು ಕೇಳಿ ಅವನೆದುರು ಬಂದು ಕುಳಿತಳು.

"ಸೇತುವೆ ಆಗಲಿಲ್ಲವೆಂದು ನಾನು ಎಂದಾದರೂ ಬೈದೆನೇ, ತಮ್ಮಾ?"

"ಇಲ್ಲ ಅಕ್ಕಾ. ನನಗೇ ನಾಚಿಕೆಯಾಯಿತು."

"ಆಗಲಿ ಬಿಡು, ಆ ನಾಚಿಕೆ ನಿನ್ನಲ್ಲೇ ಇರಲಿ. ನಿಮ್ಮವರು ಆ ಹಳೆಯ ಹೆಸರು ಕೂಗಿಕೊಂಡು ಹೋದಾಗಲೆಲ್ಲ ನನ್ನ ಮಗಳನ್ನು ಯಾರೋ ನೆನೆದಂತಾಗುತ್ತಿತ್ತು."

ರೈತ ಅಂದೇ ಹಳೆಯ ಹೆಸರಿಗೆ ಮರಳಿದ. ಆ ಸಲ ಸೋತ. ಸೋತರೂ ದಡದುದ್ದಕ್ಕೂ ನಡೆದು, ಹೊಳೆ ದಾಟಬೇಕಾದ ಊರುಗಳನ್ನೆಲ್ಲ ಒಂದುಗೂಡಿಸಿದ. ಅಷ್ಟು ಊರಿನವರು ಒಟ್ಟಾಗಿ ಹೋಗಿ ಕೇಳಿದಾಗ ಸರ್ಕಾರ ಕಿವಿಗೊಟ್ಟಿತು. ಅವನ ತಲೆ ನರೆಯುವ ಹೊತ್ತಿಗೆ ಸೇತುವೆ ಎದ್ದು ನಿಂತಿತು. ಮುಪ್ಪಾಗಿದ್ದ ಆ ತಾಯಿಯನ್ನು ಕೈಹಿಡಿದು ಅವನೇ ದಾಟಿಸಿದ. ನಡುವೆ ಆಕೆ ನಿಂತು ಕೆಳಗಿನ ನೀರನ್ನು ನೋಡಿದಳು. ಅವನೂ ಪಕ್ಕದಲ್ಲೇ ನಿಂತ.

ಆಚೆ ದಡದಲ್ಲಿ ಗೆಳೆಯರು ಕಾದಿದ್ದರು. "ಇನ್ನು ಪಕ್ಷಕ್ಕೆ ಬೇರೆ ಹೆಸರು ನೋಡಬೇಕಲ್ಲ?" ಎಂದರು.

"ಈಗ ನೋಡೋಣ," ಎಂದ ರೈತ.

ಕತೆ ಅಲ್ಲಿಗೆ ನಿಂತಿತು. "ಹಾಗಾದರೆ ನಾವು ಏನೆಂದು ಹೆಸರಿಡೋಣ, ಗುರುಗಳೇ?" ಎಂದ ಶಿಷ್ಯ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಹಳೆಯ ಹೆಸರಿನಲ್ಲಿ ಕೊಟ್ಟ ಮಾತು ನಡೆಯಿತೇನಪ್ಪಾ?"